ಒಂದು ಹೆಸರು, ಒಂದೇ ವಿಳಾಸ: ಫ್ರೆಂಚ್ ರಾಕ್ಸ್‌ನಿಂದ ಡಾಟ್ ಭಾರತದವರೆಗೆ

ಭಾಗ 1 | ಒಂದೇ ಊರು, ಮೂರು ಹೆಸರು

ಫೋಟೊದಲ್ಲಿರೋದು ಪಾಂಡವಪುರ ರೈಲ್ವೆ ಸ್ಟೇಷನ್ನಿನ ಬೋರ್ಡ್. ಮೈಸೂರು–ಬೆಂಗಳೂರು ರೈಲಲ್ಲಿ ಓಡಾಡೋರು ಇದನ್ನ ನೂರು ಸಲ ನೋಡಿರ್ತೀರಿ. ಆದರೆ ಹಳೇ ನಕ್ಷೆಗಳಲ್ಲಿ ಈ ಹೆಸರು ಹುಡುಕಿದರೆ ಸಿಗಲ್ಲ. ಅಲ್ಲಿರೋದು ‘ಫ್ರೆಂಚ್ ರಾಕ್ಸ್’. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗುಡ್ಡಗಳ ಹತ್ತಿರ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಊರವರ ಬಾಯಲ್ಲಿ ಹಿರೋಡೆ. ಆಮೇಲೆ ಪಾಂಡವಪುರ.

ಅಕ್ಕಪಕ್ಕದ ಊರುಗಳ ಕಥೆಯೂ ಇದೇ. ಕೆ.ಆರ್. ಪೇಟೆ ಹಿಂದೆ ಅತ್ತಿಗುಪ್ಪೆ. ನಮ್ಮ ಶ್ರೀರಂಗಪಟ್ಟಣ ಇಂಗ್ಲಿಷರ ಕಾಗದಗಳಲ್ಲಿ ಸೆರಿಂಗಪಟಂ. ಮನೇಲಿ ಅಜ್ಜಿ ಕರೆಯೋದು ಬರೀ ‘ಪಟ್ಣ’.

ಒಂದು ಊರಿಗೆ ಮೂರು ಹೆಸರಿದ್ದರೆ ಅಂಥ ತೊಂದರೆ ಏನಿಲ್ಲ. ಮೂರೂ ಒಂದೇ ಅಂತ ಪೋಸ್ಟ್‌ಮ್ಯಾನ್‌ಗೆ ಗೊತ್ತಿದ್ದರೆ ಸಾಕು. ಕಷ್ಟ ಇರೋದು ತಿರುಗುಮುರುಗಾದಾಗ: ಒಂದೇ ಹೆಸರು, ಕೇಳೋರಿಗೊಂದೊಂದು ಊರು. ಇಂಟರ್ನೆಟ್ ಅಂಥ ಕಷ್ಟದ ಹತ್ತಿರ ಹೋಗಿ ವಾಪಸ್ ಬಂದಿದೆ, ಒಂದಲ್ಲ ಹಲವು ಸಲ. ಈ ಸರಣಿ ಅದರ ಚರಿತ್ರೆ. ನಮ್ಮ ಕನ್ನಡಕ್ಕೂ ಇದರಲ್ಲಿ ಪಾಲಿದೆ, ಬಿಡದೆ ಓದಿ.

ಭಾಗ 2 | ಯಾವ ಹೊಸಹಳ್ಳಿ?

‘ಹೊಸಹಳ್ಳಿ’ ಅಂತ ಒಂದೇ ಪದ ಬರೆದು ಕಾಗದ ಹಾಕಿ ನೋಡಿ. ಅದು ಎಲ್ಲಿಗೆ ಹೋಗುತ್ತೆ? ನಮ್ಮ ಕಡೆ ಯಾರಾದರೂ ಹೊಸಹಳ್ಳಿ ಅಂದ ತಕ್ಷಣ ಎದುರಿಗಿರೋರು ಕೇಳೋದೇ ‘ಯಾವ ತಾಲ್ಲೂಕು?’ ಅಂತ. ತಾಲ್ಲೂಕಾದ ಮೇಲೆ ಹೋಬಳಿ ಕೇಳ್ತಾರೆ. ದೊಡ್ಡದರಿಂದ ಚಿಕ್ಕದಕ್ಕೆ ಇಳೀತಾ ಹೋದರೆ ಗೊಂದಲ ತಾನಾಗೇ ಕರಗುತ್ತೆ.

1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಮಾಡಿದ್ದೂ ಇದನ್ನೇ. ಶ್ರೀರಂಗಪಟ್ಟಣ 571438, ಪಾಂಡವಪುರ 571434, ನಾಗಮಂಗಲ 571432, ಕೆ.ಆರ್. ಪೇಟೆ 571426. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿದ ವಲಯ. 571 ಅಂದರೆ ನಮ್ಮ ಸೀಮೆ. ಕೊನೆಯ ಮೂರು ಅಂಕಿ ಅಂಚೆ ಕಚೇರಿಯದು.

ಇದು ನಡೆಯೋದಕ್ಕೆ ಕಾರಣ ಒಂದೇ: ಇಡೀ ದೇಶದ ಎಲ್ಲ ಅಂಚೆ ಕಚೇರಿಗಳೂ ಒಂದೇ ಪಟ್ಟಿ ನೋಡ್ತವೆ. 571 ಅಂದರೆ ಮೈಸೂರು–ಮಂಡ್ಯದ ಕಡೆ ಅಂತ ಒಂದು ಕಚೇರಿ, ಬೇರೆ ಯಾವುದೋ ರಾಜ್ಯ ಅಂತ ಇನ್ನೊಂದು ಕಚೇರಿ ಹೇಳಿದ್ದರೆ ನಮ್ಮ ಹಾಲ್ ಟಿಕೆಟ್ ಯಾರ ಮನೆ ಸೇರ್ತಿತ್ತು, ಯೋಚಿಸಿ.

ಭಾಗ 3 | ರೂಟ್ ಅಂದರೆ ಏನು?

ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನೆನಪಿದೆಯಾ? ‘ಕರ್‌ರಿಸಲ್ಟ್ಸ್ ಡಾಟ್ ನಿಕ್ ಡಾಟ್ ಇನ್’ ಅಂತ ಟೈಪ್ ಮಾಡಿ ಉಸಿರು ಬಿಗಿಹಿಡಿದು ಕೂತಿದ್ವಲ್ಲ. ಆ ಹೆಸರನ್ನ ಕಂಪ್ಯೂಟರ್ ಓದೋದು ಹಿಂದಿನಿಂದ. ಮೊದಲು ‘ಡಾಟ್ ಇನ್’ ಯಾರ ಹತ್ತಿರ ಇದೆ ಅಂತ ಕೇಳುತ್ತೆ. ಅವರು ‘ನಿಕ್’ ಇರೋ ಜಾಗ ತೋರಿಸ್ತಾರೆ. ನಿಕ್‌ನವರು ರಿಸಲ್ಟ್ ಇರೋ ಕಂಪ್ಯೂಟರ್‌ನ ನಂಬರ್ ಕೊಡ್ತಾರೆ. ಇದಕ್ಕೆ ಡೊಮೈನ್ ನೇಮ್ ಸಿಸ್ಟಮ್, ಚಿಕ್ಕದಾಗಿ ಡಿಎನ್‌ಎಸ್, ಅಂತಾರೆ.

ಹಾಗಾದರೆ ಎಲ್ಲಕ್ಕಿಂತ ಮೊದಲಿನ ಪ್ರಶ್ನೆ, ‘ಡಾಟ್ ಇನ್ ಯಾರ ಹತ್ತಿರ?’, ಅದನ್ನ ಕೇಳೋದು ಯಾರನ್ನ? ರೂಟ್ ಅನ್ನ. ಅಂದರೆ ಬೇರನ್ನ. ರೂಟ್‌ಗೆ ನಿಮ್ಮ ರಿಸಲ್ಟೂ ಗೊತ್ತಿಲ್ಲ, ಇನ್‌ಸ್ಟಾಗ್ರಾಂ ಫೋಟೊನೂ ಗೊತ್ತಿಲ್ಲ. ಕಾಮ್, ಇನ್, ಆರ್ಗ್ ಥರದ ಸಾವಿರದ ನಾನೂರಕ್ಕೂ ಹೆಚ್ಚು ಕೊನೆಪದಗಳು ಯಾರ ಕೈಲಿವೆ ಅಂತ ಹೇಳೋ ಒಂದು ಪಟ್ಟಿ ಅದು, ಅಷ್ಟೇ. ಎ ಇಂದ ಎಂ ವರೆಗೆ 13 ಹೆಸರಿನ ರೂಟ್ ಸರ್ವರ್‌ಗಳಿವೆ. ಅವುಗಳ ನಕಲುಗಳು ಭಾರತವೂ ಸೇರಿ ಜಗತ್ತಿನ ಸಾವಿರಕ್ಕೂ ಹೆಚ್ಚು ಕಡೆ ಕೂತಿವೆ. ಎಲ್ಲವೂ ಹೇಳೋ ಉತ್ತರ ಒಂದೇ.

ಮೊದಲು ಇಷ್ಟೆಲ್ಲ ಇರಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ಫೈಲ್ ಇತ್ತು. ಎಲ್ಲರೂ ಅದನ್ನೇ ನಕಲು ಮಾಡ್ಕೊಳ್ತಿದ್ರು. ಕಂಪ್ಯೂಟರ್‌ಗಳು ಜಾಸ್ತಿಯಾಗಿ ಆ ಫೈಲ್ ಸಾಲದೆ ಹೋದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. 1989ರಲ್ಲಿ ನಮ್ಮ ಡಾಟ್ ಇನ್ ಆ ಪಟ್ಟಿ ಸೇರಿತು.

ಭಾಗ 4 | ‘ನಮ್ದೇ ಇನ್ನೊಂದು ಪಟ್ಟಿ’

ಪಟ್ಟಿ ಒಬ್ಬರ ಕೈಲಿದೆ ಅಂದ ಮೇಲೆ ‘ನಾವ್ಯಾಕೆ ಇನ್ನೊಂದು ಮಾಡ್ಬಾರ್ದು?’ ಅನ್ನೋರು ಹುಟ್ಟಿಕೊಳ್ಳಲೇಬೇಕು. ಇದಕ್ಕೆ ಪರ್ಯಾಯ ರೂಟ್ ಅಂತಾರೆ.

1990ರ ದಶಕದಲ್ಲಿ ಆಲ್ಟರ್‌ನಿಕ್ ಅಂತ ಒಂದು ಬಂತು. ಡಾಟ್ ಕಾಮ್ ಹೆಸರುಗಳ ಮೇಲೆ ಒಂದೇ ಕಂಪನಿಯ ಹಿಡಿತ ಯಾಕೆ ಅನ್ನೋದು ಅವರ ಸಿಟ್ಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ 1997ರ ಜುಲೈಯಲ್ಲಿ ಅದರ ಸ್ಥಾಪಕ ಯೂಜೀನ್ ಕಶ್‌ಪುರೆಫ್, ಹೆಸರು ನೋಂದಾಯಿಸೋ ಅಧಿಕೃತ ಇಂಟರ್‌ನಿಕ್ ತಾಣಕ್ಕೆ ಹೋಗ್ತಿದ್ದವರನ್ನ ತನ್ನ ತಾಣಕ್ಕೆ ತಿರುಗಿಸಿಬಿಟ್ಟ. ಜನ ಟೈಪ್ ಮಾಡಿದ ಹೆಸರು ಸರಿಯಾಗೇ ಇತ್ತು, ತಲುಪಿದ ಜಾಗ ಮಾತ್ರ ಬೇರೆ. ಆತನ ಮೇಲೆ ಕೇಸಾಯಿತು, ತಪ್ಪೊಪ್ಪಿಕೊಂಡ.

1998ರ ಜನವರಿ 28ರಂದು ಇಂಟರ್ನೆಟ್‌ನ ಹಿರಿಯರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ ರೂಟ್ ನಡೆಸ್ತಿದ್ದ ಎಂಟು ಜನರಿಗೆ ಇಮೇಲ್ ಹಾಕಿ, ಪಟ್ಟಿಯನ್ನ ಇನ್ನುಮುಂದೆ ತಮ್ಮ ಕಂಪ್ಯೂಟರ್‌ನಿಂದ ತಗೊಳ್ಳಿ ಅಂದರು. ಅವರು ತಗೊಂಡರು! ಅಮೆರಿಕ ಸರ್ಕಾರ ಒತ್ತಡ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಎಲ್ಲ ಮೊದಲಿನಂತಾಯಿತು. ಆ ವರ್ಷವೇ ಹೆಸರುಗಳ ಉಸ್ತುವಾರಿಗೆ ಐಕ್ಯಾನ್ ಅನ್ನೋ ಸಂಸ್ಥೆ ಹುಟ್ಟಿತು.

2000ದ ನವೆಂಬರ್‌ನಲ್ಲಿ ಐಕ್ಯಾನ್ ‘ಡಾಟ್ ಬಿಜ್’ಗೆ ಒಪ್ಪಿಗೆ ಕೊಟ್ಟಾಗ ಒಂದು ಎಡವಟ್ಟು ಎದುರಾಯಿತು. ಪರ್ಯಾಯ ರೂಟ್‌ನವರು ಅದೇ ಡಾಟ್ ಬಿಜ್ ಅನ್ನ ಮೊದಲೇ ನಡೆಸ್ತಿದ್ದರು. ಹೊಸ ಡಾಟ್ ಬಿಜ್ ಬಂದ ಮೇಲೆ ಒಂದೇ ಹೆಸರಿಗೆ ಇಬ್ಬರು ಮಾಲೀಕರಾಗೋ ಹಾಗಾಯಿತು. ನೀವು ಯಾರ ಅಂಗಡಿಗೆ ಹೋಗ್ತೀರಿ ಅನ್ನೋದು ನಿಮ್ಮ ಕಂಪ್ಯೂಟರ್ ಯಾವ ಪಟ್ಟಿ ಕೇಳುತ್ತೆ ಅನ್ನೋದರ ಮೇಲೆ ನಿಂತಿತು. ಹೊಸಹಳ್ಳಿ ಎರಡು, ಆದರೆ ತಾಲ್ಲೂಕಿನ ಹೆಸರೂ ಒಂದೇ ಅಂದುಕೊಳ್ಳಿ.

ಭಾಗ 5 | ಈ ಒಡಕನ್ನ ಕನ್ನಡ ಆಗಲೇ ಅನುಭವಿಸಿದೆ

ಈ ಫೋಟೊ ನಮ್ಮ ಮನೆಯ ಒಂದು ಹಳೇ ಸಿ.ಡಿ.ಯದು. ಅದರಲ್ಲಿ ನಮ್ಮ ತಾತ ಊರಿನ ಬಗ್ಗೆ ಬರೆದು ಟೈಪ್ ಮಾಡಿಸಿದ್ದ ಹದಿನೆಂಟು ಪುಟ ಇದೆ. ನಾನು ತೆರೆದರೆ ಕಂಡಿದ್ದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆ, ಕೊಂಬು ಬಾಲ ಎಲ್ಲ ಕಲಸಿದ ಚಿತ್ರಾನ್ನ. ಅಕ್ಷರ ಅಳಿಸಿಹೋಗಿರಲಿಲ್ಲ, ಎಲ್ಲ ಅಲ್ಲೇ ಇತ್ತು. ಓದೋ ಪಟ್ಟಿ ಮಾತ್ರ ನನ್ನ ಹತ್ತಿರ ಇರಲಿಲ್ಲ.

ಯೂನಿಕೋಡ್ ಬಳಕೆಗೆ ಬರೋ ಮುಂಚೆ ಕನ್ನಡದ ತಂತ್ರಾಂಶಗಳಿಗೆ ತಮ್ಮತಮ್ಮದೇ ಸಂಕೇತ ಪಟ್ಟಿಗಳಿದ್ದವು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಮೀಸಲಾದ ಜಾಗದಲ್ಲಿ ಒಬ್ಬರು ‘ಕ’ ಕೂರಿಸಿದರೆ ಇನ್ನೊಬ್ಬರು ಒಂದು ಒತ್ತಕ್ಷರ ಕೂರಿಸಿರಬಹುದು. ಹಾಗಂತ ಆ ಕಾಲದವರನ್ನ ಬಯ್ಯಬೇಡಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇಲ್ಲದಿದ್ದರೆ ಕಂಪ್ಯೂಟರ್‌ಗೆ ಕನ್ನಡ ಬರೋದು ಇನ್ನೆಷ್ಟು ತಡವಾಗ್ತಿತ್ತೋ. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರೇ ಕನ್ನಡ ತಂತ್ರಾಂಶಕ್ಕಾಗಿ ದನಿ ಎತ್ತಿದ್ದರು. ಕಾಯೋಕೆ ಆಗದೆ ತಮ್ಮ ದಾರಿ ತಾವು ಮಾಡ್ಕೊಂಡ ಜನ ಅವರು.

ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೆ ನಮ್ಮ ಕಂಪ್ಯೂಟರ್, ಪ್ರಿಂಟಿಂಗ್ ಪ್ರೆಸ್, ಕಚೇರಿಗಳಿಗೆ ಅದು ತಲುಪೋಕೆ ವರ್ಷಗಟ್ಟಲೆ ಹಿಡಿಯಿತು. ಈಗ ನಾನು ನಾಗಮಂಗಲದಲ್ಲಿ ಟೈಪ್ ಮಾಡಿದ ‘ಕ’ ಅಮೆರಿಕದಲ್ಲಿರೋ ಮಾವನ ಫೋನಲ್ಲೂ ‘ಕ’ ಆಗೇ ಕಾಣುತ್ತೆ. ಎಲ್ಲರೂ ಒಂದೇ ಪಟ್ಟಿ ಒಪ್ಪಿದ್ದರಿಂದ ಸಿಕ್ಕ ಲಾಭ ಇದು.

ಭಾಗ 6 | ಸಾಲಲ್ಲಿ ಕನ್ನಡ ಇರಲಿಲ್ಲ

ಈಗ ಅಕ್ಷರ ಬಿಟ್ಟು ಮತ್ತೆ ಹೆಸರಿಗೆ ಬನ್ನಿ. ತುಂಬಾ ವರ್ಷ ರೂಟ್‌ನಲ್ಲಿ ಇಂಗ್ಲಿಷ್ ಲಿಪಿ ಬಿಟ್ಟರೆ ಬೇರೆ ಲಿಪಿಗೆ ಜಾಗವೇ ಇರಲಿಲ್ಲ. ಚೀನಾ ಕಾಯಲಿಲ್ಲ. ಚೀನೀ ಅಕ್ಷರದ ಕೊನೆಪದಗಳನ್ನ ತನ್ನ ದೇಶದೊಳಗೆ ತಾನೇ ನಡೆಸಿತು. ಅಲ್ಲಿ ತೆರೆಯೋ ವಿಳಾಸ ಹೊರಗಡೆ ತೆರೀತಿರಲಿಲ್ಲ. 2006ರಲ್ಲಿ ‘ಇಂಟರ್ನೆಟ್ ಒಡೆದೇಹೋಯಿತಾ?’ ಅಂತ ಜಗತ್ತೇ ಗಾಬರಿಯಾಗಿತ್ತು.

2010ರ ಮೇನಲ್ಲಿ ಅರಬ್ಬಿ ಲಿಪಿಯ ಕೊನೆಪದಗಳು ರೂಟ್ ಸೇರಿದವು. ಅದೇ ವರ್ಷ ಚೀನೀ ಅಕ್ಷರದವೂ ಸೇರಿದವು. ಜಾಗ ಸಿಕ್ಕ ಮೇಲೆ ಬೇರೆ ದಾರಿಯ ಅಗತ್ಯ ಕಡಿಮೆಯಾಯಿತು.

2011ರಲ್ಲಿ ಭಾರತದ ಸರದಿ. ದೇವನಾಗರಿ, ಬಂಗಾಳಿ, ಗುಜರಾತಿ, ಗುರುಮುಖಿ, ತಮಿಳು, ತೆಲುಗು, ಉರ್ದು, ಹೀಗೆ ಏಳು ಲಿಪಿಯಲ್ಲಿ ದೇಶದ ಹೆಸರು ರೂಟ್ ಸೇರಿತು. ಎಣಿಸಿ ನೋಡಿ. ಕನ್ನಡ ಇಲ್ಲ. ‘.ಭಾರತ’ ಅನ್ನೋ ನಮ್ಮ ಲಿಪಿಯ ಕೊನೆಪದ ಬಂದಿದ್ದು ಆಮೇಲೆ, ಮಲಯಾಳಂ, ಒಡಿಯಾ, ಅಸ್ಸಾಮಿ ಮುಂತಾದವುಗಳ ಜೊತೆ.

ತಡವಾಗಿದ್ದಕ್ಕೆ ಬೇಜಾರಾಗುತ್ತೆ, ನನಗೂ ಆಯ್ತು. ಆದರೆ ಆ ಸಿಟ್ಟಲ್ಲಿ ‘ಕರ್ನಾಟಕಕ್ಕೇ ಬೇರೆ ರೂಟ್’ ಮಾಡಿದ್ದರೆ? ಮಂಡ್ಯದಲ್ಲಿ ತೆರೆಯೋ ಕನ್ನಡ ತಾಣ ಕಾಸರಗೋಡಿನ ಕನ್ನಡಿಗರಿಗೇ ತೆರೀತಿರಲಿಲ್ಲ. ಮುಂಬೈ, ದುಬೈ ಕನ್ನಡಿಗರ ಮಾತಂತೂ ದೂರ. ಹಳೇ ಸಿ.ಡಿ.ಯ ಕಥೆ ಮತ್ತೆ ಶುರುವಾಗ್ತಿತ್ತು.

ಜಾಗ ಸಿಗೋದರ ಹಿಂದೆ ಕೆಲಸವೂ ಇದೆ. ನಿಯೋ ಬ್ರಾಹ್ಮಿ ಪ್ಯಾನೆಲ್ ಅನ್ನೋ ತಜ್ಞರ ತಂಡ ಭಾರತದ ಒಂಬತ್ತು ಲಿಪಿಗಳಿಗೆ ರೂಟ್‌ನ ನಿಯಮ ಬರೆಯಿತು. ಕನ್ನಡದ್ದು ಸಿದ್ಧವಾಗಿದ್ದು 2019ರಲ್ಲಿ. ಕನ್ನಡದ ‘ಗ’, ತೆಲುಗಿನ ‘ಗ’ ಕಣ್ಣಿಗೆ ಒಂದೇ ಥರ ಅಲ್ವಾ? ಆ ಹೋಲಿಕೆ ಹಿಡಿದು ಯಾರೂ ಮೋಸ ಮಾಡದ ಹಾಗೆ ನೋಡ್ಕೊಳ್ಳೋದೂ ಆ ನಿಯಮದ ಭಾಗ.

ಭಾಗ 7 | ದೇಶಗಳ ಭಯ

2016ರ ಅಕ್ಟೋಬರ್ 1ರವರೆಗೆ ರೂಟ್ ಪಟ್ಟಿಯ ಮೇಲಿನ ಕೊನೆಯ ಉಸ್ತುವಾರಿ ಅಮೆರಿಕ ಸರ್ಕಾರದ್ದಾಗಿತ್ತು. ‘ನಾಳೆ ಜಗಳವಾದರೆ ನಮ್ಮ ದೇಶದ ಹೆಸರನ್ನೇ ಕಿತ್ತುಹಾಕಿದರೆ?’ ಅನ್ನೋ ಭಯ ಹಲವು ದೇಶಗಳಿಗಿತ್ತು. ರಷ್ಯಾ 2019ರಲ್ಲಿ ಕಾನೂನು ಮಾಡಿ ತನ್ನದೇ ರಾಷ್ಟ್ರೀಯ ಹೆಸರು ವ್ಯವಸ್ಥೆಗೆ ತಯಾರಿ ಮಾಡ್ಕೊಂಡಿತು.

2022ರಲ್ಲಿ ಆ ಭಯದ ಪರೀಕ್ಷೆಯೇ ಆಯಿತು. ರಷ್ಯಾದ ದಾಳಿಗೆ ಸಿಕ್ಕ ಉಕ್ರೇನ್ ‘ಡಾಟ್ ಆರ್‌ಯು ತೆಗೆದುಹಾಕಿ’ ಅಂತ ಐಕ್ಯಾನ್‌ಗೆ ಬರೆಯಿತು. ಐಕ್ಯಾನ್ ಒಪ್ಪಲಿಲ್ಲ. ಉಕ್ರೇನ್‌ನ ನೋವು ಸುಳ್ಳಲ್ಲ. ಆದರೆ ಒಂದು ಸಲ ಪಟ್ಟಿಯನ್ನ ಶಿಕ್ಷೆಗೆ ಬಳಸಿದರೆ ಮರುದಿನವೇ ಎಲ್ಲ ದೇಶಗಳೂ ತಮ್ಮತಮ್ಮ ಪಟ್ಟಿ ಬರೆಯೋಕೆ ಕೂರ್ತವೆ.

ಒಂದು ವಿಷಯ ಸ್ಪಷ್ಟ ಇರಲಿ. ಗಲಾಟೆ ಆದಾಗ ಇಂಟರ್ನೆಟ್ ಬಂದ್ ಮಾಡೋದು, ತಾಣ ಬ್ಲಾಕ್ ಮಾಡೋದು ಬೇರೆ ವಿಷಯ. ಅಲ್ಲಿ ಬಾಗಿಲು ಮುಚ್ಚಿದೆ ಅಂತ ನಿಮಗೆ ಗೊತ್ತಾಗುತ್ತೆ. ರೂಟ್ ಒಡೆದರೆ ಬಾಗಿಲು ತೆರೆದೇ ಇರುತ್ತೆ, ಒಳಗಿರೋರು ಮಾತ್ರ ಬೇರೆಯವರು.

ಇನ್ನೊಂದು ರೂಟ್ ಕಟ್ಟಿದವರೆಲ್ಲ ಒಡೆಯೋಕೇ ಬಂದವರಲ್ಲ. 2015ರಲ್ಲಿ ಶುರುವಾದ ಯೇತಿ ಅನ್ನೋ ಪ್ರಯೋಗದಲ್ಲಿ ಬೇರೆ ಸರ್ವರ್‌ಗಳನ್ನಿಟ್ಟು ತಂತ್ರಜ್ಞಾನ ಪರೀಕ್ಷೆ ಮಾಡಿದರು. ಭಾರತದ ಅರ್ನೆಟ್ ಕೂಡ ಒಂದು ಸರ್ವರ್ ನಡೆಸಿತು. ಆದರೆ ಹೆಸರುಗಳ ಪಟ್ಟಿಯನ್ನ ಅವರು ಮುಟ್ಟಲಿಲ್ಲ. ಬೇರೆ ಕಚೇರಿ, ಅದೇ ಪಿನ್ ಕೋಡ್.

ಭಾಗ 8 | ನಿಮ್ಮ ಫೀಡಿಗೆ ಬರೋ ಜಾಹೀರಾತು

‘ಒಂದೇ ಸಲ ದುಡ್ಡು ಕೊಡಿ, ಹೆಸರು ಜೀವನಪೂರ್ತಿ ನಿಮ್ಮದೇ.’ ಬ್ಲಾಕ್‌ಚೈನ್ ಡೊಮೈನ್‌ಗಳ ಇಂಥ ಜಾಹೀರಾತು ನೋಡಿರ್ತೀರಿ. 2011ರ ನೇಮ್‌ಕಾಯಿನ್, 2020ರ ಹ್ಯಾಂಡ್‌ಶೇಕ್, ಇವೆಲ್ಲ ಪರ್ಯಾಯ ರೂಟ್‌ನ ಹೊಸ ಅವತಾರಗಳು. ಯಾರೂ ಕಿತ್ತುಕೊಳ್ಳಲಾಗದ ಹೆಸರು ಬೇಕು ಅನ್ನೋ ಆಸೆ ಅರ್ಥವಾಗುತ್ತೆ. ಆದರೆ ಆ ಹೆಸರು ನಿಮ್ಮ ಫ್ರೆಂಡ್ ಫೋನಿನ ಮಾಮೂಲಿ ಬ್ರೌಸರ್‌ನಲ್ಲಿ ತೆರೆಯುತ್ತಾ ಅಂತ ಮೊದಲು ನೋಡಿ. ಎಷ್ಟೋ ಸಲ ತೆರೆಯಲ್ಲ.

ಇಲ್ಲೂ ಡಿಕ್ಕಿ ಆಗಿದೆ. ಅನ್‌ಸ್ಟಾಪಬಲ್ ಡೊಮೈನ್ಸ್ ಕಂಪನಿ ‘ಡಾಟ್ ಕಾಯಿನ್’ ಹೆಸರುಗಳನ್ನ ಮಾರ್ತಿತ್ತು. ಅದೇ ಕೊನೆಪದ ಎಮರ್‌ಕಾಯಿನ್ ಹತ್ತಿರ ಮೊದಲೇ ಇತ್ತು ಅಂತ ಗೊತ್ತಾಗಿ, 2022ರಲ್ಲಿ ಅದನ್ನ ನಿಲ್ಲಿಸಿತು. ಡಾಟ್ ಬಿಜ್ ಕಥೆ, ಇಪ್ಪತ್ತು ವರ್ಷದ ನಂತರ.

ಭಾಗ 9 | ಹಾಗಾದರೆ ನಾವೇನು ಮಾಡೋದು?

ಈ ಚರಿತ್ರೆಯಿಂದ ನನಗೆ ತಿಳಿದದ್ದು ಇಷ್ಟು. ಪಟ್ಟಿ ಒಂದೇ ಇರಬೇಕು. ಆದರೆ ಅದು ಎಲ್ಲರದ್ದೂ ಆಗಿರಬೇಕು. ಜಾಗ ಸಿಗದವರು ಇನ್ನೊಂದು ಪಟ್ಟಿ ಬರೆದೇ ಬರೀತಾರೆ. ಅವರನ್ನ ಬಯ್ದರೆ ಒಡಕು ನಿಲ್ಲಲ್ಲ, ಜಾಗ ಕೊಟ್ಟರೆ ನಿಲ್ಲುತ್ತೆ.

ರೂಟ್‌ನಲ್ಲಿ ಕನ್ನಡಕ್ಕೆ ಈಗ ಜಾಗ ಇದೆ. ಆದರೂ ಕನ್ನಡ ಲಿಪಿಯ ವಿಳಾಸ ಹಾಕಿದರೆ ಎಷ್ಟೋ ಆನ್‌ಲೈನ್ ಫಾರ್ಮ್‌ಗಳು ‘ತಪ್ಪು ವಿಳಾಸ’ ಅಂತ ವಾಪಸ್ ಕಳಿಸ್ತವೆ. ಬಾಗಿಲಲ್ಲಿ ಹೆಸರಿದ್ದರೂ ಒಳಗೆ ಕೂರೋಕೆ ಚಾಪೆ ಹಾಕಿಲ್ಲ ಅಂದ ಹಾಗೆ. ನಿಮ್ಮಲ್ಲಿ ಯಾರಾದರೂ ಕೋಡಿಂಗ್ ಕಲೀತಿದ್ದರೆ, ನಾಳೆ ನೀವು ಮಾಡೋ ಫಾರ್ಮ್ ‘.ಭಾರತ’ ವಿಳಾಸವನ್ನ ಒಪ್ಪಲಿ. ಒಪ್ಪದ ಫಾರ್ಮ್ ಕಂಡರೆ ಆ ತಾಣದವರಿಗೆ ಎರಡು ಸಾಲು ಬರೆಯಿರಿ. ಮನೇಲಿ ಹಳೇ ಫಾಂಟ್‌ನ ಫೈಲ್ ಇದ್ದರೆ ಇವತ್ತೇ ಯೂನಿಕೋಡ್‌ಗೆ ಬದಲಾಯಿಸಿ. ಪರಿವರ್ತಕಗಳು ಪುಕ್ಕಟೆ ಸಿಗ್ತವೆ.

ತಾತನ ಹದಿನೆಂಟು ಪುಟ ನಾನು ಹಾಗೇ ವಾಪಸ್ ಪಡೆದೆ. ಮೊದಲ ಪುಟದಲ್ಲೇ ಊರಿನ ಹೆಸರು ಮೂರು ಥರ ಬರೆದಿದ್ದರು: ಹಿರೋಡೆ, ಫ್ರೆಂಚ್ ರಾಕ್ಸ್, ಪಾಂಡವಪುರ. ಕೆಳಗೆ, ಮೂರೂ ಒಂದೇ ಊರು ಅಂತ ಒಂದು ಸಾಲು. ಆ ಸಾಲು ಇಲ್ಲದಿದ್ದರೆ ಮುಂದಿನ ಪುಟಗಳು ನನಗೆ ಅರ್ಥವಾಗ್ತಿರಲಿಲ್ಲ.

ನಿಮ್ಮೂರಿಗೆ ಇರೋ ಹಳೇ ಹೆಸರು ಏನು? ಕಾಮೆಂಟಲ್ಲಿ ಬರೆಯಿರಿ, ಕನ್ನಡದಲ್ಲೇ. ಎಲ್ಲರ ಫೋನಲ್ಲೂ ಕಾಣುತ್ತೆ.

#ಶ್ರೀರಂಗಪಟ್ಟಣ #ಪಾಂಡವಪುರ #ಕೆಆರ್‌ಪೇಟೆ #ನಾಗಮಂಗಲ #ಕನ್ನಡದಲ್ಲಿಚರಿತ್ರೆ