ಶುಸ್ತೊವ್ ಕೊನ್ಯಾಕ್: ಒಂದು ಹೆಸರಿನ ಹಿಂದಿನ ಕಥೆ

ಸೀಸೆಯ ಮೇಲೆ ಅಂಟಿಸಿದ ಚೀಟಿಯನ್ನು ಚರಿತ್ರೆಯ ದಾಖಲೆಯಂತೆ ಓದಬಹುದೆ? ಓದಬಹುದು, ಆದರೆ ಬರೆದದ್ದನ್ನೆಲ್ಲ ನಂಬುವಂತಿಲ್ಲ. ನೂರು ವರ್ಷಗಳಿಗೂ ಹಿಂದೆ ರಷ್ಯಾ ಸಾಮ್ರಾಜ್ಯದ ಸಿರಿವಂತರ ಮನೆಗಳಲ್ಲಿ ಹೆಸರಾಗಿದ್ದ 'ಶುಸ್ತೊವ್ ಕೊನ್ಯಾಕ್' ಎಂಬ ಮದ್ಯವನ್ನೇ ತೆಗೆದುಕೊಳ್ಳಿ. ಲೋಕ ಅದನ್ನು ರಷ್ಯಾದ್ದೆಂದು ಕರೆಯಿತು. ಅದರ ಹೆಸರು ಮಾತ್ರ ಫ್ರಾನ್ಸಿನದು, ಬಂಡವಾಳ ಮಾಸ್ಕೋದ್ದು, ದ್ರಾಕ್ಷಿ ಆರ್ಮೇನಿಯಾದ್ದು. (ವಿದ್ಯಾರ್ಥಿಗಳಿಗೆ ಮದ್ಯದ ಮಾತೇಕೆ ಎಂದು ಮನೆಯ ಹಿರಿಯರು ಕೇಳಿದರೆ, ಇದು ಚರಿತ್ರೆ, ಜೊತೆಗೆ ಸ್ವಲ್ಪ ರಸಾಯನಶಾಸ್ತ್ರ ಎಂದು ಹೇಳಿಬಿಡಿ.)

ಮೊದಲು ಹೆಸರು. ಕೊನ್ಯಾಕ್ ಎಂಬುದು ಫ್ರಾನ್ಸಿನ ನೈಋತ್ಯ ಭಾಗದಲ್ಲಿ ಶರಾಂತ್ ನದಿಯ ದಡದ ಒಂದು ಊರು. ಅಲ್ಲಿಯ ದ್ರಾಕ್ಷಾರಸವನ್ನು ಡಚ್ ವರ್ತಕರು ಕೊಂಡು ಬಟ್ಟಿ ಇಳಿಸಿ ಮಾರುತ್ತಿದ್ದರು. 'ಸುಟ್ಟ ದ್ರಾಕ್ಷಾರಸ' ಎಂಬರ್ಥದ ಅವರ ಮಾತಿನಿಂದಲೇ 'ಬ್ರಾಂದಿ' ಹುಟ್ಟಿತು. ತಾಮ್ರದ ಭಟ್ಟಿಯಲ್ಲಿ ಎರಡು ಸಲ ಇಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇರಿಸುವ ಕ್ರಮ ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಯಿತು. ರಷ್ಯನ್ ಭಾಷೆಯಲ್ಲಿ ಇಂಥ ಪಾನೀಯ ಎಲ್ಲಿ ತಯಾರಾದರೂ ಅದು 'ಕೊನ್ಯಾಕ್' ಎನಿಸಿಕೊಂಡಿತು.

ಇನ್ನು ನೆಲ. ಆರ್ಮೇನಿಯಾದ ಯೆರೆವಾನ್ ಕೋಟೆಯನ್ನು ರಷ್ಯಾದ ಸೈನ್ಯ ಪರ್ಷಿಯನ್ನರಿಂದ ಗೆದ್ದುಕೊಂಡದ್ದು 1827ರಲ್ಲಿ. ಅದೇ ಹಳೆಯ ಕೋಟೆಯ ಜಾಗದಲ್ಲಿ ನೆರ್ಸೆಸ್ ತಾಯಿರ್ಯಾನ್ ಎಂಬ ಆರ್ಮೇನಿಯನ್ ವರ್ತಕ 1877ರಲ್ಲಿ ದ್ರಾಕ್ಷಾರಸದ ಕಾರ್ಖಾನೆ ಕಟ್ಟಿದ. 1887ರಲ್ಲಿ ಅಲ್ಲಿಯೇ ಬ್ರಾಂದಿ ಇಳಿಸಲು ತೊಡಗಿದ. ಸುತ್ತಲಿನ ಅರಾರಾತ್ ಕಣಿವೆಯ ಬೇಸಿಗೆ ಸುಡುಬಿಸಿಲಿನದು. ಚಳಿಗಾಲವೋ, ಬಳ್ಳಿ ಹೆಪ್ಪುಗಟ್ಟಿ ಸಾಯದಿರಲೆಂದು ರೈತರು ಅದನ್ನು ನೆಲಕ್ಕೆ ಬಾಗಿಸಿ ಮಣ್ಣಿನಲ್ಲಿ ಹೂಳಬೇಕು. ವಸಂತದಲ್ಲಿ ಮತ್ತೆ ಬಿಡಿಸಿ ಎತ್ತಬೇಕು. ಈ ದುಡಿಮೆಯ ಸುದ್ದಿ ಯಾವ ಚೀಟಿಯ ಮೇಲೂ ಇರುತ್ತಿರಲಿಲ್ಲ.

1899ರಲ್ಲಿ ತಾಯಿರ್ಯಾನ್ ಕಾರ್ಖಾನೆಯನ್ನು ಮಾರಿದ. ಕೊಂಡದ್ದು ಮಾಸ್ಕೋದ 'ಎನ್. ಎಲ್. ಶುಸ್ತೊವ್ ಮತ್ತು ಪುತ್ರರು' ಸಂಸ್ಥೆ. ನಿಕೊಲಾಯ್ ಶುಸ್ತೊವ್ 1863ರಲ್ಲಿ ವೋಡ್ಕಾ ವ್ಯಾಪಾರದಿಂದ ಆರಂಭಿಸಿದ್ದ. ಜಾಹೀರಾತಿನಲ್ಲಿ ಆತ ಚತುರ. ಒಂದು ಕಥೆಯಂತೂ ನಿಮಗೆ ಹಿಡಿಸೀತು: ಬಡ ಕಾಲೇಜು ಹುಡುಗರಿಗೆ ಹಣ ಕೊಟ್ಟು ಹೋಟೆಲುಗಳಿಗೆ ಅಟ್ಟುತ್ತಿದ್ದನಂತೆ. ಅವರು ಶುಸ್ತೊವ್ ವೋಡ್ಕಾ ಕೇಳುವುದು, ಇಲ್ಲವೆಂದರೆ 'ಇದೆಂಥ ಹೋಟೆಲು!' ಎಂದು ಗಲಾಟೆ ಎಬ್ಬಿಸುವುದು. ಮರುದಿನವೇ ಮಾಲೀಕ ಸರಕು ತರಿಸುವುದು. ನಿಜವೋ ಕಟ್ಟುಕಥೆಯೋ, ಆ ಮನೆತನ ಸ್ವಭಾವ ಇದರಲ್ಲಿದೆ.

ಇದಕ್ಕಿಂತ ದೊಡ್ಡ ಕಥೆ 1900ರ ಪ್ಯಾರಿಸ್ ವಿಶ್ವ ಪ್ರದರ್ಶನದ್ದು. ಶುಸ್ತೊವ್ ಪುತ್ರರು ಯೆರೆವಾನಿನ ಬ್ರಾಂದಿಯನ್ನು ಹೆಸರು ಹೇಳದೆ ಪರೀಕ್ಷೆಗೆ ಒಡ್ಡಿದರು. ತೀರ್ಪುಗಾರರು ಅದಕ್ಕೇ ಮೊದಲ ಬಹುಮಾನವಿತ್ತರು. ಫ್ರಾನ್ಸಿನದಲ್ಲವೆಂದು ತಿಳಿದು ಬೆರಗಾಗಿ, 'ಕೊನ್ಯಾಕ್' ಎಂದು ಬರೆದುಕೊಳ್ಳುವ ಹಕ್ಕನ್ನೇ ಕೊಟ್ಟರು, ಎಂಬುದು ಕಥೆ. ಇಲ್ಲಿ ನೀವು ಒಂದು ಪ್ರಶ್ನೆ ಕೇಳಬೇಕು. ಕೊನ್ಯಾಕ್ ಪ್ರದೇಶದ ಗಡಿಯನ್ನು ಫ್ರಾನ್ಸಿನ ಸರ್ಕಾರ ಆಜ್ಞೆಯ ಮೂಲಕ ಗುರುತಿಸಿದ್ದೇ 1909ರಲ್ಲಿ. ಗಡಿಯೇ ನಿಗದಿಯಾಗದ ಕಾಲದಲ್ಲಿ ಒಂದು ಪ್ರದರ್ಶನದ ತೀರ್ಪುಗಾರರು ಯಾವ ಹಕ್ಕನ್ನು ಕೊಟ್ಟಾರು? ರಷ್ಯಾದ ತಯಾರಕರು ಆ ಪದವನ್ನು ಅದಕ್ಕೂ ಮೊದಲೇ, ಯಾರನ್ನೂ ಕೇಳದೆ, ಬಳಸುತ್ತಿದ್ದರು. ನನಗಂತೂ ಇದು ಜಾಹೀರಾತಿನ ಮುಂದುವರಿಕೆಯೆಂದೇ ತೋರುತ್ತದೆ. 1945ರ ಯಾಲ್ಟಾ ಸಮ್ಮೇಳನದಲ್ಲಿ ಚರ್ಚಿಲ್ ಆರ್ಮೇನಿಯಾದ ಬ್ರಾಂದಿಗೆ ಮನಸೋತನೆಂಬ ಕಥೆಯನ್ನೂ ಇದೇ ತಕ್ಕಡಿಯಲ್ಲಿ ತೂಗಿ.

ಹಾಗಾದರೆ ಗುಣವೇ ಇರಲಿಲ್ಲವೆ? ಇತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಭಟ್ಟಿಯಿಂದ ಇಳಿದಾಗ ಈ ಮದ್ಯಕ್ಕೆ ಬಣ್ಣವಿರುವುದಿಲ್ಲ, ಸುಮಾರು 70 ಪಾಲು ಆಲ್ಕೊಹಾಲ್ ಇರುತ್ತದೆ, ನಾಲಿಗೆ ಸುಡುತ್ತದೆ. ಉಳಿದದ್ದು ಮರದ ಕೆಲಸ. ಕಾಕಸಸ್ ಓಕ್ ಪೀಪಾಯಿಯ ಹಲಗೆಯೊಳಗಿನ ಲಿಗ್ನಿನ್ ನಿಧಾನವಾಗಿ ಒಡೆದು ವೆನಿಲಾದ ಪರಿಮಳ ಬರುತ್ತದೆ. ಟ್ಯಾನಿನ್ ಒಗರು ಕೊಡುತ್ತದೆ. ಬಣ್ಣ ಹೊಂಬಣ್ಣದಿಂದ ಕಂದಿಗೆ ತಿರುಗುತ್ತದೆ. ವರ್ಷ ವರ್ಷವೂ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಫ್ರೆಂಚರು ಅದನ್ನು 'ದೇವದೂತರ ಪಾಲು' ಎನ್ನುತ್ತಾರೆ. ರುಚಿ ಪರೀಕ್ಷಕರು ಮೊದಲು ಮೂಸುತ್ತಾರೆ, ಅದೂ ಬಾಯಿ ಕಿರಿದಾದ ಲೋಟದಲ್ಲಿ, ಸ್ವಲ್ಪ ದೂರದಿಂದ. ಎಳೆಯದರಲ್ಲಿ ದ್ರಾಕ್ಷಿ, ಹೂವು, ವೆನಿಲಾ. ಹಳೆಯದರಲ್ಲಿ ಒಣಗಿದ ಏಪ್ರಿಕಾಟ್, ಅಕ್ರೋಟು, ಚಾಕೊಲೇಟು. ಒಂದು ಗುಟುಕು ಬಾಯಲ್ಲಾಡಿಸಿ ಉಗುಳಿದ ಮೇಲೂ ಆ ಸುವಾಸನೆ ಎಷ್ಟು ಹೊತ್ತು ಉಳಿಯಿತೆಂದು ನೋಡುತ್ತಾರೆ. ಬಣ್ಣವನ್ನು ಮಾತ್ರ ನಂಬುವುದಿಲ್ಲ, ಏಕೆಂದರೆ ಸುಟ್ಟ ಸಕ್ಕರೆ ಬೆರೆಸಿ ಬಣ್ಣ ಕಟ್ಟುವ ರೂಢಿಯೂ ಇದೆ.

ಶುಸ್ತೊವ್ ವೈಭವ ಬಹುಕಾಲ ನಿಲ್ಲಲಿಲ್ಲ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಚಕ್ರವರ್ತಿ ಎರಡನೆಯ ನಿಕೊಲಾಸ್ ಮದ್ಯ ಮಾರಾಟವನ್ನು ನಿಷೇಧಿಸಿದ. ಕ್ರಾಂತಿಯ ನಂತರ, 1920ರಲ್ಲಿ, ಯೆರೆವಾನಿನ ಕಾರ್ಖಾನೆ ಸೋವಿಯತ್ ಸರ್ಕಾರದ ಸ್ವತ್ತಾಯಿತು. ಚೀಟಿಯ ಮೇಲೆ ಶುಸ್ತೊವ್ ಹೋಗಿ ನಕ್ಷತ್ರಗಳು ಬಂದವು: ಮೂರು ನಕ್ಷತ್ರವೆಂದರೆ ಮೂರು ವರ್ಷ, ಐದಕ್ಕೆ ಐದು. 1985ರ ಗೊರ್ಬಚೋವ್ ಪಾನವಿರೋಧಿ ಆಂದೋಲನದಲ್ಲಿ ದೇಶದ ಎಷ್ಟೋ ದ್ರಾಕ್ಷಿತೋಟಗಳನ್ನು ಕಿತ್ತುಹಾಕಿದರು.

ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. ಏಳು ವರ್ಷದಲ್ಲಿ, 1998ರಲ್ಲಿ, ಸ್ವತಂತ್ರ ಆರ್ಮೇನಿಯಾ ಯೆರೆವಾನ್ ಬ್ರಾಂದಿ ಕಂಪನಿಯನ್ನು ಮಾರಿತು. ಕೊಂಡದ್ದು ಪೆರ್ನೋ ರಿಕಾರ್, ಅಂದರೆ ಫ್ರಾನ್ಸಿನ ಸಂಸ್ಥೆ! ಇನ್ನು ಹೆಸರಿನ ವಿಷಯ: ಐರೋಪ್ಯ ಒಕ್ಕೂಟದೊಡನೆ 2017ರಲ್ಲಿ ಸಹಿ ಮಾಡಿದ ಒಪ್ಪಂದದಲ್ಲಿ ಆರ್ಮೇನಿಯಾ 'ಕೊನ್ಯಾಕ್' ಎಂಬ ಪದವನ್ನು ಹಂತಹಂತವಾಗಿ ಬಿಟ್ಟುಕೊಡಲು ಒಪ್ಪಿತು. ಅರಾರಾತ್ ಎಂಬ ಹೆಸರಿಗೆ ಅಂಥ ತೊಡಕಿಲ್ಲ. ಅದು ಸೀಸೆಯ ಮೇಲಿದೆ. 5,137 ಮೀಟರ್ ಎತ್ತರದ ಆ ಪರ್ವತ ಯೆರೆವಾನಿನ ಬೀದಿಗಳಿಂದ ನಿಚ್ಚಳವಾಗಿ ಕಾಣುತ್ತದೆ. ಭೂಪಟ ತೆರೆದು ನೋಡಿ: ಅದು ಇರುವುದು ಗಡಿಯ ಆಚೆ, ತುರ್ಕಿ ದೇಶದಲ್ಲಿ.