ಫ್ಲೈವೀಲಿನ ಮೇಲಿನ ಮುದ್ರೆ

ಫ್ಲೈವೀಲ್ ತಿರುಗುವುದು ಎಂಜಿನ್ನಿನ ಹಿಂಬದಿಯಲ್ಲಿ. ಹಳೆಯ ಅಮೆರಿಕನ್ ರೇಸ್ ಕಾರುಗಳಲ್ಲಿ ಅದು ಚಾಲಕನ ಪಾದದ ಪಕ್ಕದಲ್ಲೇ. ಎರಕದ ಕಬ್ಬಿಣದ ಫ್ಲೈವೀಲ್ ಸಿಡಿದರೆ ಚೂರುಗಳು ಕಾರಿನ ತಳವನ್ನೇ ಸೀಳುತ್ತಿದ್ದವು. ವೇಗ ಇಮ್ಮಡಿಯಾದರೆ ಅದರೊಳಗಿನ ಎಳೆತ ನಾಲ್ಕು ಪಟ್ಟಾಗುತ್ತದೆ. ಎರಕದ ಕಬ್ಬಿಣ ಒತ್ತಡವನ್ನು ತಾಳುವಷ್ಟು ಎಳೆತವನ್ನು ತಾಳದು. ಇಂಥ ಅನುಭವಗಳಿಂದಲೇ ಉಕ್ಕಿನ ಫ್ಲೈವೀಲ್, ಅದರ ಸುತ್ತ ಗಟ್ಟಿ ಕವಚ, ಕಡೆಗೆ ಪರೀಕ್ಷೆಯ ಮಾನದಂಡಗಳು ಬಂದವು. 1978ರಲ್ಲಿ ಶುರುವಾದ ಎಸ್‌ಎಫ್‌ಐ ಸಂಸ್ಥೆಯ 1.1 ಮುದ್ರೆ ಆ ಚರಿತ್ರೆಯ ಗುರುತು.

ಆದರೆ ಮುದ್ರೆ ಅರ್ಧ ಉತ್ತರ ಮಾತ್ರ. ಷೆವ್ರೊಲೆ ಸ್ಮಾಲ್ ಬ್ಲಾಕ್ ಎಂಜಿನ್ನಿಗೇ 153 ಹಲ್ಲಿನದೂ ಇದೆ, 168 ಹಲ್ಲಿನದೂ ಇದೆ. 1986ರ ಸುಮಾರಿಗೆ ಬೋಲ್ಟುಗಳು ಕೂರುವ ವೃತ್ತದ ಅಳತೆಯೂ ಬದಲಾಯಿತು. ಸಿಡಿಯದು ಎಂದು ಮುದ್ರೆ ಭರವಸೆ ಕೊಟ್ಟೀತು. ಈ ಎಂಜಿನ್ನಿಗೆ ಕೂರುತ್ತದೆಯೇ ಎಂಬುದನ್ನು ಅಳೆದೇ ನೋಡಬೇಕು.