ಮೂರು ನಿಮಿಷಕ್ಕೊಂದು ಚಿತ್ರ

ಇವತ್ತು ಮೊಬೈಲ್ ತೆರೆದರೆ ಸಾಕು, ಯಾರಾದರೊಬ್ಬರು ಲೈವ್ ಇದ್ದೇ ಇರ್ತಾರೆ. ಇದಕ್ಕೆಲ್ಲ ಅಜ್ಜಿಯಂಥದ್ದೊಂದಿತ್ತು ನೋಡಿ, ಜೆನ್ನಿಕ್ಯಾಮ್. 1996ರ ಏಪ್ರಿಲ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಡಿಕಿನ್ಸನ್ ಕಾಲೇಜಿನ ವಿದ್ಯಾರ್ಥಿನಿ ಜೆನ್ನಿಫರ್ ರಿಂಗ್ಲಿ ತನ್ನ ಹಾಸ್ಟೆಲ್ ಕೋಣೆಯಲ್ಲೊಂದು ವೆಬ್‌ಕ್ಯಾಮ್ ಇಟ್ಟಳು.

ಸಿನಿಮಾದಂತೆ ಓಡುವ ಚಿತ್ರ ಅಂದ್ಕೋಬೇಡಿ. ಕಪ್ಪು-ಬಿಳುಪಿನ ಒಂದು ಫೋಟೋ, ಮೂರು ನಿಮಿಷ ಬಿಟ್ಟು ಇನ್ನೊಂದು. ಅದು ಡಯಲ್-ಅಪ್ ಮೋಡೆಮ್‌ಗಳ ಕಾಲ. ಆ ತಂತಿಗಳಲ್ಲಿ ಹೆಚ್ಚು ಹರಿಯುತ್ತಿರಲಿಲ್ಲ. ಈಗ ಆಕೆ ಓದುತ್ತಾ ಕೂತಿದ್ದಾಳೆ ಅನ್ನಿ, ಮುಂದಿನ ಚಿತ್ರದಲ್ಲಿ ಕುರ್ಚಿ ಖಾಲಿ. ಎಲ್ಲಿಗೆ ಹೋದಳು? ನಡುವಿನ ಕಥೆಯನ್ನು ನೋಡುವವರೇ ಕಟ್ಟಿಕೊಳ್ಳಬೇಕು. ಖಾಸಗಿ ಕ್ಷಣಗಳೂ ಬಂದವು, ಅದಕ್ಕೆ ಗದ್ದಲವೂ ಆಯಿತು. ಆದರೆ ಹೆಚ್ಚಿನ ಹೊತ್ತು ಕಾಣುತ್ತಿದ್ದದ್ದು ದಿನನಿತ್ಯದ ಬದುಕು, ಇಲ್ಲವೇ ಬರೀ ಖಾಲಿ ಕೋಣೆ. ಜನ ಅದನ್ನೂ ಕಾದು ನೋಡಿದರು!

ಮುಂದೆ ಆಕೆ ವಾಷಿಂಗ್ಟನ್‌ಗೆ ಹೋದಳು. ಕ್ಯಾಮೆರಾಗಳು ಹೆಚ್ಚಿದವು, ಬಣ್ಣ ಬಂತು. ದುಡ್ಡು ಕೊಟ್ಟವರಿಗೆ ಚಿತ್ರ ಬೇಗ ಬೇಗ, ಪುಕ್ಕಟೆ ನೋಡುವವರಿಗೆ ನಿಧಾನ. ಹೀಗೆ ವೇಗಕ್ಕೂ ಬೆಲೆ ಬಂತು. 2003ರ ಕೊನೆಯಲ್ಲಿ ಕ್ಯಾಮೆರಾ ಆರಿತು.

ನನಗನ್ನಿಸುವುದು ಇಷ್ಟು. ಆ ಮೂರು ನಿಮಿಷ ಬರೀ ತಂತ್ರಜ್ಞಾನದ ಕೊರತೆಯಲ್ಲ, ಬಾಗಿಲಿಗೆ ಇಳಿಬಿಟ್ಟ ಪರದೆಯೂ ಆಗಿತ್ತು. ಎರಡು ಚಿತ್ರಗಳ ನಡುವೆ ಯಾರಿಗೂ ಕಾಣದೆ ಕಣ್ಣೊರೆಸಿಕೊಳ್ಳಬಹುದಿತ್ತು. ಈಗಿನ ಲೈವ್‌ನಲ್ಲಿ ಚಿತ್ರ ಸ್ಫುಟವಾಗಿದೆ, ದನಿಯಿದೆ, ಒಂದು ಕ್ಷಣವೂ ತಡೆಯಿಲ್ಲ. ಆ ಪರದೆ ಮಾತ್ರ ಇಲ್ಲ.